ಏಳನೆಯ ಪ್ರಶ್ನೆ

ಆ ಬೇಸಿಗೆ ಆ ಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಇಳಕಲ್ಲಿನ ನೇಕಾರರ ಮಗಳು ನೀಲಾ, ಐಹೊಳೆಯ ಕುರಿ ಸಾಕುವ ಮನೆತನದ ಬೀರೇಶ, ಬಾದಾಮಿ ಸ್ಟೇಷನ್ನಿನ ಮುಂದೆ ಆಟೋ ಓಡಿಸುವವರ ಮಗಳು ರೇಷ್ಮಾ, ಇವರಿಗೆ ಎರಡು ತಿಂಗಳಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುತ್ತೇನೆಂದು ಒಪ್ಪಿಕೊಂಡಿದ್ದ ನಾನು. ಐದನೆಯದು ಒಂದು ಕೂಲರ್. ಅದರ ಸದ್ದು ನಮ್ಮ ನಾಲ್ವರ ಸದ್ದಿಗಿಂತ ದೊಡ್ಡದು.

ಮೊನ್ನೆ ಬಾಗಲಕೋಟೆಯ ನವನಗರದಲ್ಲಿ ಕುಪ್ಪಸಕ್ಕೆ ಒಂದು ಖಣ ತೆಗೆದುಕೊಳ್ಳೋಣವೆಂದು ಅಂಗಡಿ ಹೊಕ್ಕಿದ್ದೆ. ಬಾಗಿಲಲ್ಲೇ ಕೂಲರಿನ ಒದ್ದೆ ಹುಲ್ಲಿನ ವಾಸನೆ ಮುಖಕ್ಕೆ ಬಂತು. ಅಂಗಡಿಯವರು "ಯಾವ ಬಣ್ಣ ತೋರಸ್ಲಿರಿ ಅಕ್ಕಾರ?" ಎಂದು ಎರಡು ಸಲ ಕೇಳಿದರಂತೆ. ನನಗೆ ಬಂದ ಕೆಲಸವೇ ಮರೆತಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮೂರು ವರ್ಷವಾಯಿತು, ಆ ಬೇಸಿಗೆಯ ಕಥೆಯನ್ನು ನಾನು ಯಾರಿಗೂ ಪೂರಾ ಹೇಳಿಲ್ಲ. ಹೇಳಹೊರಟಾಗಲೆಲ್ಲ ಏಳನೆಯ ಪ್ರಶ್ನೆಯ ಹತ್ತಿರ ಬಂದು ಮಾತು ತಿರುಗಿಸಿಬಿಟ್ಟಿದ್ದೇನೆ.

ಆಗ ನಾನು ಹುನಗುಂದದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ನಮ್ಮ ಕಡೆ ಮಕ್ಕಳು ಟೀಚರ್ ಅನ್ನುವುದು ಇನ್ಸ್‌ಪೆಕ್ಟರ್ ಬಂದಾಗ ಮಾತ್ರ, ಉಳಿದಂತೆ ಅಕ್ಕೋರು. ಒಂದು ಸಂಸ್ಥೆಯವರು ಸರ್ಕಾರಿ ಶಾಲೆಯಲ್ಲಿ ಹತ್ತನೆಯದು ಮುಗಿಸಿದ ಮಕ್ಕಳನ್ನು ಆರಿಸಿ, ಒಂದು ವರ್ಷ ಹೊರದೇಶದ ಹೈಸ್ಕೂಲಿನಲ್ಲಿ ಓದಲು ಕಳಿಸುತ್ತಿದ್ದರು. ಹೋಗುವ ಬರುವ ಖರ್ಚು, ಊಟ, ವಸತಿ ಎಲ್ಲ ಅವರದೇ. ಷರತ್ತು ಒಂದೇ. ಮೇ ತಿಂಗಳ ಕೊನೆಗೆ ಆ ದೇಶದಿಂದ ಮೂವರು ಕಂಪ್ಯೂಟರಿನ ಪರದೆಯ ಮೇಲೆ ಬಂದು ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ. ಅವರಿಗೆ ಒಪ್ಪಿಗೆಯಾಗಬೇಕು. ನಮ್ಮ ಜಿಲ್ಲೆಯಿಂದ ಈ ಮೂವರು ಆ ಹಂತದವರೆಗೆ ಬಂದಿದ್ದರು. ಹತ್ತನೆಯ ಪರೀಕ್ಷೆ ಮುಗಿದ ಮೂರನೆಯ ದಿನವೇ ನವನಗರದ ಒಂದು ಹಾಸ್ಟೆಲಿನಲ್ಲಿ ಅವರನ್ನು ಇರಿಸಿ, ಮೇಲಿನ ಒಂದು ಕೋಣೆಯನ್ನು ನನಗೆ ಬಿಟ್ಟುಕೊಟ್ಟರು.

ನಾನು ಕಲಿಸುವ ರೀತಿ ನನ್ನದಲ್ಲ, ಕಮತಗಿಯ ನಮ್ಮ ಅಜ್ಜಿ ಆಯಿಯದು. ಆಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ವಚನದ ಒಂದು ಸಾಲು ಹೇಳುತ್ತಿದ್ದಳು, ನಾನು ಹೇಳಬೇಕು. ತಪ್ಪಿದರೆ ಬಿಸಿ ರೊಟ್ಟಿ ನನ್ನ ತಮ್ಮನ ತಾಟಿಗೆ ಹೋಗುತ್ತಿತ್ತು. "ಅರ್ಥ ಕೇಳಬ್ಯಾಡ, ಮೊದಲ ಬಾಯಿಗೆ ಬರ್ಲಿ. ಬಾಯಿಗೆ ಬಂದದ್ದು ಎಂದಾರ ಒಂದಿನ ತಲಿಗೆ ಹೋಗತೈತಿ" ಎನ್ನುತ್ತಿದ್ದಳು. ನಡುವೆ ನಿಂತರೆ ಮತ್ತೆ ಮೊದಲಿನಿಂದ. ನಿಂತಲ್ಲಿಂದ ಎತ್ತಿಕೊಳ್ಳಲು ಬಿಡುತ್ತಿರಲಿಲ್ಲ. ನನಗೆ ಬರುವ ಕನ್ನಡವೆಲ್ಲ ಹಾಗೆ ಹೊಟ್ಟೆಗೂ ಬಾಯಿಗೂ ಒಟ್ಟಿಗೇ ಬಂದದ್ದು. ಇಂಗ್ಲಿಷೂ ಹಾಗೇ ಬರುತ್ತದೆಂದು ನಾನು ನಂಬಿದ್ದೆ.

ಹೀಗಾಗಿ ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಇಪ್ಪತ್ತು ಪ್ರಶ್ನೆ ಬರೆದೆ. ನಿನ್ನ ಊರು ಯಾವುದು, ಯಾಕೆ ಅಲ್ಲಿಗೆ ಹೋಗಬೇಕೆನ್ನುತ್ತೀ, ನಿನಗೆ ಇಷ್ಟವಾದ ಪಾಠ ಯಾವುದು, ಇಂಥವು. ಒಬ್ಬೊಬ್ಬರಿಗೂ ಅವರವರ ಉತ್ತರ ಬರೆದುಕೊಟ್ಟೆ. ಬೆಳಿಗ್ಗೆ ಆರಕ್ಕೆ, ಬಿಸಿಲೇರುವ ಮೊದಲು, ಮಾಳಿಗೆಯ ಮೇಲೆ ನಿಂತು ಗಟ್ಟಿಯಾಗಿ ಹೇಳುವುದು. ಹತ್ತಾದ ಮೇಲೆ ಕೆಳಗಿಳಿದು ಕೂಲರಿನ ಮುಂದೆ ಮತ್ತೆ ಅದನ್ನೇ ಹೇಳುವುದು. ನಿಂತವರು ಮೊದಲಿನಿಂದ ಶುರು ಮಾಡಬೇಕು. ಹದಿನೈದು ದಿನದಲ್ಲಿ ಒಬ್ಬರ ಉತ್ತರ ಇನ್ನೊಬ್ಬರಿಗೂ ಬಾಯಿಪಾಠವಾಯಿತು. ರೇಷ್ಮಾ ಕೆಮ್ಮಿದರೆ ನೀಲಾ ಅವಳ ಮುಂದಿನ ಸಾಲು ಹೇಳುತ್ತಿದ್ದಳು.

ಬೀರೇಶನೊಬ್ಬ ಮಾತ್ರ ನನ್ನ ಕೈಗೆ ಸಿಗಲಿಲ್ಲ. ಅವನ ಕಾಕಾ ಐಹೊಳೆಯ ಗುಡಿಗಳಲ್ಲಿ ಪ್ರವಾಸಿಗಳಿಗೆ ಗೈಡ್. ಅವರ ಹಿಂದೆ ಸುತ್ತಿ ಹುಡುಗ ಇಂಗ್ಲಿಷ್ ಕಲಿತಿದ್ದ, ಆದರೆ ಅದೆಲ್ಲ ಕಂಬ, ಕಿಟಕಿ, ಚಪ್ಪಲಿಗೆ ಸಂಬಂಧಪಟ್ಟದ್ದು. ನಿನ್ನ ಹವ್ಯಾಸವೇನು ಎಂದು ಕೇಳಿದರೆ ಕೈ ಮೇಲೆತ್ತಿ, "ಪ್ಲೀಸ್ ಲುಕ್ ಅಪ್ ಮೇಡಮ್" ಎನ್ನುತ್ತಿದ್ದ.

"ಲೇ ಬೀರ್ಯಾ, ಅವರು ಕೇಳೂದು ನಿನ್ನ ಬಗ್ಗೆ, ಗುಡಿ ಬಗ್ಗೆ ಅಲ್ಲ," ಎನ್ನುತ್ತಿದ್ದಳು ರೇಷ್ಮಾ.

"ನನ್ನ ಬಗ್ಗೆ ಹೇಳಾಕ ಏನೈತಿ? ಗುಡಿ ನೋಡಾಕ ಅಲ್ಲಿಂದ ಬರ್ತಾರ. ನನ್ನ ನೋಡಾಕ ನಮ್ಮ ಕುರಿನೂ ಬರಂಗಿಲ್ಲ."

ಏಳನೆಯ ಪ್ರಶ್ನೆ ಇದು: ನಿನ್ನ ಮನೆಯವರ ಬಗ್ಗೆ ಹೇಳು. ಮೊದಲು ಕನ್ನಡದಲ್ಲಿ ಬರೆದುಕೊಡಿ, ನಾನು ತಿದ್ದುತ್ತೇನೆ ಎಂದಿದ್ದೆ. ನೀಲಾ ಬರೆದುಕೊಟ್ಟದ್ದು ಇಷ್ಟೇ: "ನಮ್ಮಪ್ಪನ ಹೆಸರು ಸಂಗಪ್ಪ. ನೇಕಾರ. ನಸುಕಿನ್ಯಾಗ ಐದಕ್ಕ ಮಗ್ಗಕ್ಕ ಕೂಡತಾನ. ಎಳಿ ಹರದ್ರ ಮಗ್ಗಕ್ಕ ಬೈತಾನ. ಅವ್ವ ಕಂಡಿಕಿಗೆ ನೂಲು ಸುತ್ತತಾಳ." ನಾನು ಓದಿ ನಕ್ಕೆ. ಮಗ್ಗಕ್ಕೆ ಬೈಯುವ ಅಪ್ಪನನ್ನು ಹೊರದೇಶದವರ ಮುಂದೆ ಹೇಗೆ ನಿಲ್ಲಿಸುವುದು ಅನಿಸಿತು. ಬೈಯುವುದನ್ನು ತೆಗೆದು, ಕೆಲಸ ಮಾಡುತ್ತ ಹಾಡುತ್ತಾರೆ ಎಂದು ಬರೆದೆ. ಎಷ್ಟು ಚೆಂದ ಕಾಣಿಸಿತು ನನಗೆ ಅದು.

ಏಪ್ರಿಲ್ ಕೊನೆಯಲ್ಲಿ ಸಂಗಪ್ಪನವರು ಅಂಗಡಿಯೊಂದಕ್ಕೆ ಸೀರೆ ಕೊಡಲು ಬಾಗಲಕೋಟೆಗೆ ಬಂದವರು ನಮ್ಮ ಕೋಣೆಗೂ ಬಂದರು. ತೆಳ್ಳಗಿನ ಮನುಷ್ಯ. ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ಮಕ್ಕಳಿಗೆಂದು ಕರದಂಟು ತಂದಿದ್ದರು. ಕುರ್ಚಿ ಕೊಟ್ಟರೆ ಅದರ ತುದಿಯಲ್ಲಿ ಕುಳಿತು, ಮಗಳು ಒಪ್ಪಿಸುವುದನ್ನು ಕೇಳಿದರು. ಸಂಗಪ್ಪ ಎಂಬ ಒಂದು ಮಾತು ಬಿಟ್ಟು ಮತ್ತೇನೂ ತಿಳಿಯಲಿಲ್ಲ.

"ನನ್ನ ಬಗ್ಗೆ ಏನೋ ಅಂದ್ಲಲ್ರಿ ಅಕ್ಕೋರ?"

ನಾನು ಕನ್ನಡದಲ್ಲಿ ಹೇಳಿದೆ. ಅವರು ಕತ್ತು ಒಂದು ಕಡೆ ವಾಲಿಸಿ ಪೂರ್ತಿ ಕೇಳಿಸಿಕೊಂಡರು.

"ನಾ ಹಾಡಂಗಿಲ್ರಿ. ಬೈತೇನಿ."

"ಅಪ್ಪಾ, ಇಂಗ್ಲಿಷಿನ್ಯಾಗ ಹಾಡತಿ ನೀ," ಎಂದಳು ನೀಲಾ.

"ಹೌದೇನ? ಹಂಗಾದ್ರ ಇಂಗ್ಲಿಷಿನ್ಯಾಗ ನಾ ಭಾಳ ಚಲೋ ಮನಷ್ಯಾ ಆಗೇನಿ ಅನ್ನು. ನಿಮ್ಮವ್ವಗೂ ಒಂದೀಟು ಇಂಗ್ಲಿಷ್ ಕಲಸ್ವಾ, ಅಕಿನೂ ನಂಬ್ಲಿ."

ಬೀರೇಶ ನಗುತ್ತ ನೆಲದ ಮೇಲೇ ಕುಳಿತುಬಿಟ್ಟ. ಹೋಗುವಾಗ ಸಂಗಪ್ಪನವರು ಮೆಟ್ಟಿಲ ಬಳಿ ನಿಂತು ನನ್ನನ್ನು ಮೆಲ್ಲಗೆ ಕೇಳಿದರು, "ಅಲ್ರಿ, ನನ್ನ ಹೆಸರು ಖರೇನ ಅಲ್ಲೀತನಾ ಹೊಕ್ಕೇತೇನ್ರಿ?" ಹೋಗುತ್ತದೆ ಎಂದೆ.

ಅಂದಿನಿಂದ ನೀಲಾ ದಿನಾ ಸಂಜೆ ಅಪ್ಪನಿಗೆ ಫೋನು ಮಾಡಿ ಇಪ್ಪತ್ತೂ ಉತ್ತರ ಒಪ್ಪಿಸತೊಡಗಿದಳು. ಆ ಕಡೆ ಅವರು ಸುಮ್ಮನೆ ಕೇಳುತ್ತಿದ್ದರು. ಫೋನಿನ ದನಿ ಸ್ವಲ್ಪ ಜೋರು ಇಡುತ್ತಿದ್ದಳಾದ್ದರಿಂದ ನನಗೂ ಕೇಳಿಸುತ್ತಿತ್ತು. ಆರನೆಯದು ಮುಗಿಯುತ್ತಲೇ, "ಈಗ ನನ್ನ ಪಾಳಿ?" ಎನ್ನುತ್ತಿದ್ದರು. ಏಳನೆಯದು ಮುಗಿದ ಮೇಲೆ, "ಹೂಂ, ಮುಂದ ಹೇಳು" ಎನ್ನುತ್ತಿದ್ದರು. ಮುಂದಿನದರಲ್ಲಿ ಅವರಿಗೆ ಅಷ್ಟು ಆಸಕ್ತಿ ಇರಲಿಲ್ಲ.

ಮೇ ಎರಡನೆಯ ವಾರ, ಮಧ್ಯಾಹ್ನ ಒಂದರ ಹೊತ್ತಿಗೆ ಇಳಕಲ್ಲಿನಿಂದ ಅವರ ತಮ್ಮ ನನಗೆ ಫೋನು ಮಾಡಿದರು. ಸಂಗಪ್ಪನವರು ಮಗ್ಗದಿಂದೆದ್ದು ನೀರು ಕುಡಿದು, ಮತ್ತೆ ಕೂರಲು ಹೋದವರು ಅಲ್ಲೇ ಒರಗಿದ್ದರಂತೆ. ದವಾಖಾನೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. "ಹುಡುಗಿಗೆ ಹೇಳಬ್ಯಾಡ್ರಿ, ಕರ್ಕೊಂಡು ಬರ್ರಿ," ಎಂದರು. ನಮ್ಮಲ್ಲಿ ಹಾಗೇ ಅಲ್ಲವೇ, ಇಂಥ ಸುದ್ದಿಯನ್ನು ದಾರಿಯಲ್ಲಿ ಹೇಳುವುದಿಲ್ಲ. ಮನೆಯೇ ಹೇಳಲಿ ಎಂದು ಬಿಡುತ್ತೇವೆ. ಅಪ್ಪನಿಗೆ ಆರಾಮಿಲ್ಲವಂತೆ ಎಂದು ಹೇಳಿ ನೀಲಾಳನ್ನು ಬಸ್ಸು ಹತ್ತಿಸಿದೆ. ಬೀರೇಶ, ರೇಷ್ಮಾ ತಾವೂ ಬರುತ್ತೇವೆಂದು ಹತ್ತಿದರು.

ಕಿಟಕಿಯಿಂದ ಬರುತ್ತಿದ್ದುದು ಗಾಳಿಯಲ್ಲ, ಒಲೆಯ ಉರಿ. ಕಮತಗಿ ದಾಟಿದ ಮೇಲೆ ನೀಲಾ ನನ್ನ ಕಡೆ ತಿರುಗಿದಳು.

"ಅಕ್ಕೋರ, ಖರೆ ಹೇಳ್ರಿ. ಅಪ್ಪ ಹ್ಯಾಂಗದಾನ?"

"ದವಾಖಾನಿಗೆ ಒಯ್ದಾರಂತವ್ವ."

ಅದು ಸುಳ್ಳಲ್ಲ. ಆದರೆ ಅವಳು ಕೇಳಿದ್ದಕ್ಕೆ ಉತ್ತರವೂ ಅಲ್ಲ. ಅಮೀನಗಡದಲ್ಲಿ ಬಸ್ಸು ನಿಂತಾಗ ಅವಳು ಎದ್ದು, "ಅಪ್ಪಗ ಕರದಂಟು ತಗೊಳ್ಳೂಣ್ರಿ, ದವಾಖಾನ್ಯಾಗ ಬಾಯಿ ಕಟ್ಟಿರ್ತೈತಿ," ಎಂದಳು. ನಾನೇ ಇಳಿದು ಕಾಲು ಕಿಲೋ ಕಟ್ಟಿಸಿಕೊಂಡು ಬಂದೆ. ಹುನಗುಂದ ದಾಟಿ ಇಳಕಲ್ ಬರುವವರೆಗೆ ಆ ಪೊಟ್ಟಣ ಅವಳ ತೊಡೆಯ ಮೇಲಿತ್ತು. ಬೀರೇಶ ಕಿಟಕಿಯ ಹೊರಗೇ ನೋಡುತ್ತಿದ್ದ, ಒಂದು ಮಾತೂ ಆಡಲಿಲ್ಲ. ಅವನ ಮೌನ ನೋಡಿಯೇ ಅವಳಿಗೆ ತಿಳಿದಿರಬೇಕು ಎಂದು ಈಗ ಅನಿಸುತ್ತದೆ.

ಓಣಿಯಲ್ಲಿ ಅಂದು ಒಂದು ಮಗ್ಗದ ಸದ್ದೂ ಇರಲಿಲ್ಲ. ಅವರನ್ನು ಕಟ್ಟೆಯ ಮೇಲೆ ವಿಭೂತಿ ಹಚ್ಚಿ, ಹೂವು ಏರಿಸಿ, ನಮ್ಮ ಪದ್ಧತಿಯಂತೆ ಕೂಡಿಸಿದ್ದರು. ಕತ್ತು ಸ್ವಲ್ಪ ಒಂದು ಕಡೆ ವಾಲಿತ್ತು. ನನ್ನ ಕೋಣೆಯ ಕುರ್ಚಿಯ ತುದಿಯಲ್ಲಿ ಕುಳಿತು ಕೇಳಿಸಿಕೊಂಡಾಗಲೂ ಹಾಗೇ ವಾಲಿತ್ತು. ನೀಲಾ ಚೀರಲಿಲ್ಲ. ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಅವ್ವನ ಹತ್ತಿರ ಹೋಗಿ ಕುಳಿತಳು.

ಪರದೆಯ ಮುಂದಿನ ಪರೀಕ್ಷೆಗೆ ಎರಡು ವಾರ ಉಳಿದಿತ್ತು. ಅವಳು ಇನ್ನು ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಒಂಬತ್ತನೆಯ ದಿನ ಅವಳ ಅವ್ವ ಶಾಂತವ್ವ ಫೋನು ಮಾಡಿ, ಬಂದು ಕರೆದುಕೊಂಡು ಹೋಗಿ ಎಂದರು. ಹೋದರೆ ಅಂಗಳದಲ್ಲಿ ಅವಳ ಕಾಕಾ ಸಿಟ್ಟಾಗಿ ನಿಂತಿದ್ದರು.

"ಮಣ್ಣು ಆರಿಲ್ಲಿನ್ನ, ಹುಡುಗಿ ಇಂಗ್ಲಿಷ್ ಕಲಿಯಾಕ ಹೋದ್ಲು ಅಂದ್ರ ಮಂದಿ ಏನಂದಾರು?"

"ಮಂದಿ ಅನ್ಲಿ," ಎಂದರು ಶಾಂತವ್ವ, ಮಗಳ ಜಡೆ ಹೆಣೆಯುತ್ತಲೇ. "ಅಳೂದು ಎಲ್ಲಿ ಹೊಕ್ಕೇತಿ, ನಾಳೆನೂ ಇರತೈತಿ. ಪರೀಕ್ಷಾ ಇರಂಗಿಲ್ಲ. ಅಂವಾ ತನ್ನ ಹೆಸರು ಅಲ್ಲೀತನಾ ಹೋಗಬೇಕಂತಿದ್ದ, ಒಯ್ಲಿ."

ಮರುದಿನ ಬೆಳಿಗ್ಗೆ ಆರಕ್ಕೆ ಮಾಳಿಗೆಯ ಮೇಲೆ ನಾವು ನಾಲ್ವರು ಮತ್ತೆ ನಿಂತೆವು. ಒಂದು, ಎರಡು, ಮೂರು. ಆರನೆಯದು ಮುಗಿಯಿತು. ನಾನು ನೋಟುಬುಕ್ಕಿನ ಹಾಳೆ ತಿರುವಿ ಎಂಟನೆಯ ಪ್ರಶ್ನೆ ಕೇಳಿದೆ. ಮೂವರೂ ಎಂಟನೆಯದರ ಉತ್ತರ ಹೇಳಿದರು. ಮಧ್ಯಾಹ್ನವೂ ಹಾಗೇ. ಮಾತಿನ ನಡುವೆ ಬಾಯಿ ಹಾಕುವ ಬೀರೇಶ ಕೂಡ ಆರರಿಂದ ಎಂಟಕ್ಕೆ ತೆಪ್ಪಗೆ ದಾಟುತ್ತಿದ್ದ. ಸಾವಿನ ಮನೆಯಲ್ಲಿ ಮಾತು ಕಡಿಮೆ ಇರಬೇಕು, ಬುತ್ತಿ ಹೆಚ್ಚಿರಬೇಕು ಎಂದು ಆಯಿ ಹೇಳುತ್ತಿದ್ದಳು. ನಾನು ದಿನಾ ನೀಲಾಳಿಗೆ ಮನೆಯಿಂದ ಬುತ್ತಿ ಒಯ್ಯುತ್ತಿದ್ದೆ. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ. ಅವಳು ತಿನ್ನುತ್ತಿದ್ದಳು. ಏಳನೆಯ ಉತ್ತರವನ್ನು ತಿದ್ದಬೇಕು ಎಂಬುದು ನನಗೆ ದಿನಾ ನೆನಪಾಗುತ್ತಿತ್ತು. ನಾಳೆ ತಿದ್ದೋಣ, ಅವಳ ಮುಖ ಸ್ವಲ್ಪ ತಿಳಿಯಾಗಲಿ ಎಂದುಕೊಳ್ಳುತ್ತಿದ್ದೆ. ನೂರು ವರ್ಷ ಬದುಕಿದವಳಂತೆ ಮಾತಾಡುವ ನನಗೆ, ಇಂಗ್ಲಿಷಿನ ನಾಲ್ಕು ಶಬ್ದದ ಒಂದು ವಾಕ್ಯ ಅವಳ ಮುಂದೆ ಹೇಳಲು ಆಗಲಿಲ್ಲ.

ಬರೆಯಲು ಮಾತ್ರ ಆಯಿತು. ಅದೇ ವಾರ ಸಂಸ್ಥೆಗೆ ತಂದೆತಾಯಿಯ ಒಪ್ಪಿಗೆ ಪತ್ರ ಕಳಿಸಬೇಕಿತ್ತು. ಅವ್ವನದೊಂದೇ ಸಹಿ ಸಾಕಾಗಬೇಕಾದರೆ ಮರಣ ಪ್ರಮಾಣಪತ್ರ ಜೊತೆಗಿಡಬೇಕು. ತಂದೆ ಎಂಬ ಜಾಗದಲ್ಲಿ ತೀರಿಕೊಂಡಿದ್ದಾರೆ ಎಂದು ನನ್ನ ಕೈಯಾರೆ ಇಂಗ್ಲಿಷಿನಲ್ಲಿ ಬರೆದು, ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಕಳಿಸಿದೆ. ಒಂದು ಕೈಯಲ್ಲಿ ಅದನ್ನು ಬರೆದವಳು ಇನ್ನೊಂದು ಕೈಯಲ್ಲಿ ನೋಟುಬುಕ್ಕಿನ ಹಾಳೆ ತಿರುವುತ್ತಿದ್ದೆ. ಆ ಕಾಗದ, ಈ ಉತ್ತರ ಎರಡೂ ಆ ಮೂವರ ಒಂದೇ ಮೇಜಿನ ಮೇಲೆ ಬೀಳುತ್ತವೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಸಂದರ್ಶನದ ದಿನ ಅದೇ ಕೋಣೆ. ಸದ್ದಾಗುತ್ತದೆಂದು ಕೂಲರ್ ಆರಿಸಿದ್ದರು. ಸಂಸ್ಥೆಯ ಒಬ್ಬರು ಬಂದು, ನಾನು ಕಂಪ್ಯೂಟರಿನ ಹಿಂದೆ ಗೋಡೆಗೆ ಕೂರಬಹುದು, ಆದರೆ ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಮಾಡಿದರೆ ಆ ಮಗುವಿನದು ರದ್ದು ಎಂದು ಹೇಳಿದರು. ಮೊದಲು ರೇಷ್ಮಾ. ಹೆದರಿದರೂ ಚೆನ್ನಾಗಿ ಹೇಳಿದಳು. ಆಮೇಲೆ ಬೀರೇಶ. ಅವನಿಗೆ ಎರಡನೆಯ ಪ್ರಶ್ನೆಗೇ ನೋಟುಬುಕ್ಕು ಮರೆತುಹೋಯಿತು. ಬೆವರು ಒರೆಸಿಕೊಂಡು, ತನ್ನ ಕುರಿಗಳ ಹೆಸರು ಒಂದೊಂದಾಗಿ ಹೇಳಿ, ಯಾವುದಕ್ಕೆ ಯಾಕೆ ಆ ಹೆಸರಿಟ್ಟೆ ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಹೇಳತೊಡಗಿದ. ಪರದೆಯಲ್ಲಿದ್ದ ಮೂವರೂ ನಕ್ಕು ನಕ್ಕು, ಇನ್ನಷ್ಟು ಕೇಳಿದರು. ಇವನದು ಕೆಟ್ಟಿತು ಎಂದುಕೊಂಡೆ ನಾನು.

ನೀಲಾ ಕುಳಿತಳು. ಒಂದಾದ ಮೇಲೊಂದು ಉತ್ತರ ನೀರು ಹರಿದ ಹಾಗೆ. ಪರದೆಯಲ್ಲಿದ್ದ ಹಿರಿಯ ಹೆಂಗಸು ಕೇಳಿದರು, ನಿನ್ನ ಮನೆಯವರ ಬಗ್ಗೆ ಹೇಳು.

ನೀಲಾ ಬೆನ್ನು ನೆಟ್ಟಗೆ ಮಾಡಿದಳು. ಎರಡು ತಿಂಗಳಲ್ಲಿ ಅಷ್ಟು ಗಟ್ಟಿಯಾಗಿ, ಅಷ್ಟು ಚೆಂದವಾಗಿ ಅವಳು ಇಂಗ್ಲಿಷ್ ಮಾತಾಡಿದ್ದು ನಾನು ಕೇಳಿರಲಿಲ್ಲ. ಮೈ ಫಾದರ್ಸ್ ನೇಮ್ ಈಸ್ ಸಂಗಪ್ಪ. ಅಪ್ಪ ನೇಕಾರ, ಬೆಳಗಿನ ಐದಕ್ಕೆ ಮಗ್ಗಕ್ಕೆ ಕೂರುತ್ತಾರೆ, ಕೆಲಸ ಮಾಡುತ್ತ ಹಾಡುತ್ತಾರೆ. ನಾನು ಬರೆದುಕೊಟ್ಟದ್ದು, ಒಂದು ಅಕ್ಷರ ಬಿಡದೆ.

ಆ ಹೆಂಗಸು ಕಾಗದ ತಿರುವಿದರು. ದನಿ ತಗ್ಗಿಸಿ, ನಮ್ಮಲ್ಲಿರುವ ಕಾಗದದಲ್ಲಿ ನಿನ್ನ ತಂದೆ ಈ ತಿಂಗಳು ತೀರಿಕೊಂಡರು ಎಂದಿದೆಯಲ್ಲ ಎಂದರು.

ನೀಲಾ ಪರದೆಯ ಮೇಲಿಂದ ನನ್ನನ್ನು ನೋಡಿದಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆಮೇಲೆ ಅವಳು ನಾನು ಕಲಿಸಿದ್ದನ್ನೇ ಮಾಡಿದಳು. ನಿಂತವರು ಮೊದಲಿನಿಂದ ಶುರು ಮಾಡಬೇಕಲ್ಲ. ಮೈ ಫಾದರ್ಸ್ ನೇಮ್ ಈಸ್ ಸಂಗಪ್ಪ ಎಂದು ಮತ್ತೆ ಶುರು ಮಾಡಿ, ಕೊನೆಯವರೆಗೂ ಹೇಳಿದಳು. ಅವರು ಧನ್ಯವಾದ ಹೇಳಿ ಮುಗಿಸಿದರು.

ಹತ್ತು ದಿನಕ್ಕೆ ಪತ್ರ ಬಂತು. ಬೀರೇಶ, ರೇಷ್ಮಾ ಆಯ್ಕೆಯಾಗಿದ್ದರು. ನೀಲಾಳದು ಎರಡು ಸಾಲು: ಉತ್ತರಗಳು ಬೇರೆಯವರು ಬರೆದುಕೊಟ್ಟಂತಿವೆ, ಮನೆಯ ವಿಷಯದಲ್ಲಿ ಹೇಳಿದ್ದಕ್ಕೂ ಕಾಗದಕ್ಕೂ ತಾಳೆಯಿಲ್ಲ. ಎರಡೂ ನಿಜ. ತಪ್ಪು ನನ್ನದು ಎಂದು ಮೂರು ಪುಟ ಬರೆದು ಕಳಿಸಿದೆ. ನಿಯಮ ಬದಲಿಸಲಾಗದು, ಹುಡುಗಿಗೆ ನಮ್ಮ ಸಂತಾಪ ತಿಳಿಸಿ ಎಂದು ಉತ್ತರ ಬಂತು. ಮರುವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು.

ಇಳಕಲ್ಲಿಗೆ ಹೋದೆ. ಶಾಂತವ್ವ ಗಂಡನ ಮಗ್ಗದಲ್ಲಿ ಕುಳಿತಿದ್ದರು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದದ್ದು, ಅವರು ಕೈ ಒರೆಸಿಕೊಂಡು ಎದ್ದು ನೀರು ತಂದುಕೊಟ್ಟ ಕೂಡಲೇ ಅರ್ಧ ಕರಗಿತು. ಆದರೂ ಈ ಸಲ ಹೇಳಿದೆ. ಅವಳ ಅವಕಾಶ ಇಂಗ್ಲಿಷ್ ಕಡಿಮೆ ಬಿದ್ದು ಹೋಗಲಿಲ್ಲ, ನಾನು ಅಂಜಿ ಒಂದು ಉತ್ತರ ತಿದ್ದದೆ ಬಿಟ್ಟೆ, ಅದಕ್ಕೇ ಹೋಯಿತು ಎಂದೆ. ಅವರು ಮಗ್ಗದ ಎಳೆಗಳನ್ನು ಸವರುತ್ತ, "ನೀವೂ ನಮ್ಮಂಗ ಅಂಜೀರಿ ಬಿಡ್ರಿ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನೀಲಾ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ದಾರಿಯಲ್ಲಿ ಕೇಳಿದೆ.

"ನೀ ಮರತಿದ್ದಿ ಏನವ್ವ, ಆ ಹೊತ್ತಿನ್ಯಾಗ?"

"ಇಲ್ರಿ ಅಕ್ಕೋರ. ಹ್ಯಾಂಗ ಮರೀಲಿ? ಅಪ್ಪ ಹ್ವಾದಾ ಹ್ವಾದಾ ಅಂತ ಕನ್ನಡದಾಗ ಎಲ್ಲಾರೂ ಹೇಳಿದ್ರು. ಇಂಗ್ಲಿಷಿನ್ಯಾಗ ಯಾರೂ ಹೇಳಿದ್ದಿಲ್ಲ. ಅಲ್ಲಿ ಇನ್ನಾ ಅದಾನ ಅನಿಸ್ತಿತ್ತು. ನಾನ ಯಾಕ ಹೇಳ್ಲಿ ಅನಿಸ್ತು."

ನಾನು ಅವಳ ಕೈ ಹಿಡಿದುಕೊಂಡೆ. ಆ ನೋಟುಬುಕ್ಕನ್ನು ಆಮೇಲೆ ನಾನು ತೆರೆಯಲಿಲ್ಲ. ಬಾಯಿಪಾಠ ಮಾಡಿಸುವುದನ್ನೂ ಬಿಟ್ಟೆ. ಆಯಿ ಇದ್ದಿದ್ದರೆ ಜಗಳವಾಡುತ್ತಿದ್ದಳೇನೋ.

ಜೂನ್ ಕೊನೆಗೆ ನೀಲಾಳನ್ನು ಇಳಕಲ್ಲಿನಲ್ಲೇ ಪಿಯುಸಿಗೆ ಹಚ್ಚಲು ಹೋದೆವು. ಶಾಂತವ್ವ ಮಗ್ಗ ಬಿಟ್ಟು ಬರುವಂತಿರಲಿಲ್ಲವಾದ್ದರಿಂದ ನಾನೇ ಜೊತೆಗೆ ಹೋದೆ. ಅರ್ಜಿ ನೋಡುತ್ತಿದ್ದ ಲೆಕ್ಚರರ್ ಅವಳ ಇಂಗ್ಲಿಷಿನ ಅಂಕ ನೋಡಿ, ತಲೆಯೆತ್ತಿ, ನಿನ್ನ ತಂದೆ ಏನು ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲೇ ಕೇಳಿದರು. ಅಲ್ಲಿ ನನ್ನ ಬಾಯಿಗೆ ಯಾರದೂ ಕಟ್ಟಳೆ ಇರಲಿಲ್ಲ. ಆದರೂ ನಾನು ಸುಮ್ಮನೆ ನಿಂತೆ.

ನೀಲಾ ತಡೆದು ತಡೆದು, ಯಾವ ನೋಟುಬುಕ್ಕಿನಲ್ಲೂ ಇಲ್ಲದ ಇಂಗ್ಲಿಷಿನಲ್ಲಿ ಹೇಳಿದಳು. ಅಪ್ಪ ಮೇ ತಿಂಗಳಲ್ಲಿ ತೀರಿಕೊಂಡರು. ನೇಕಾರರಾಗಿದ್ದರು. ಎಳೆ ಹರಿದರೆ ಮಗ್ಗಕ್ಕೆ ಬೈಯುತ್ತಿದ್ದರು.

"ಮಗ್ಗಕ್ಕ?" ಎಂದರು ಲೆಕ್ಚರರ್.

"ಹೌದ್ರಿ. ಹಾಡ್ತಿದ್ದಿಲ್ರಿ. ಬೈತಿದ್ದ."

ಅವರು ಅರ್ಜಿಗೆ ಸಹಿ ಹಾಕಿ ಕೊಟ್ಟರು. ನಾವಿಬ್ಬರೂ ಹೋಗಿ ಫೀ ತುಂಬುವ ಪಾಳಿಯಲ್ಲಿ ನಿಂತೆವು.